ನಕ್ಷೆಯ ಮೇಲಿನ ಕೆಂಪು ಗುಂಡುಪಿನ್ನು

ಜೂನ್ 3

ಚಿಕ್ಕಮ್ಮಾ,

ಪತ್ರದ ಮೇಲ್ಭಾಗದಲ್ಲಿ ಇರಬೇಕಾದ ನಮಸ್ಕಾರ, ಕ್ಷೇಮ, ಎಲ್ಲವೂ ಇವೆ ಎಂದುಕೊಂಡು ಓದು. ನನಗೆ ಅಷ್ಟು ತಾಳ್ಮೆ ಇಲ್ಲ. ಮದುವೆಯಾಗಿ ಇಪ್ಪತ್ತೆರಡು ದಿನ, ಈ ಮನೆಗೆ ಬಂದು ಹದಿನಾಲ್ಕು ದಿನ, ನಾನಿನ್ನೂ ನೆಲಕ್ಕೆ ಇಳಿದಿಲ್ಲ.

ಮನೆ ಎಂದರೆ ವಿಶ್ವವಿದ್ಯಾಲಯದ ಕ್ವಾರ್ಟರ್ಸು. ಎರಡು ಕೋಣೆ, ಅಡುಗೆಮನೆ, ಗ್ರಂಥಾಲಯದ ಹಿಂಗೋಡೆಯನ್ನೇ ನೋಡುವ ಒಂದು ಕಿಟಕಿ. ಆ ಗೋಡೆಯೂ ನನಗೆ ಚೆಂದವಾಗಿ ಕಾಣುತ್ತದೆ, ನಗಬೇಡ. ನಮ್ಮವರು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಉಪ್ಪಿನದರ ಮೇಲೆ ‘ಉಪ್ಪು’, ಸಕ್ಕರೆಯದರ ಮೇಲೆ ‘ಸಕ್ಕರೆ’, ಖಾಲಿ ಡಬ್ಬಿಯ ಮೇಲೆ ‘ಮುಂದೆ ನೋಡೋಣ’. ಯೋಜನಾ ಘಟಕದ ಅಧಿಕಾರಿಯನ್ನು ಕಟ್ಟಿಕೊಂಡರೆ ಬಾಳು ಹೀಗೇ ಎಂದು ನೀನು ಮದುವೆಮನೆಯಲ್ಲೇ ಎಚ್ಚರಿಸಿದ್ದೆ. ನನಗೇನೋ ಇಷ್ಟವಾಗಿದೆ. ನನ್ನ ಮೇಲೂ ಒಂದು ಚೀಟಿ ಅಂಟಿಸಿ ಎಂದೆ. ಅವರು ಬಹಳ ಹೊತ್ತು ಯೋಚಿಸಿ, “ಅಳತೆಗೆ ಸಿಗಲ್ಲ” ಅಂದರು. ಇದಕ್ಕಿಂತ ಒಳ್ಳೆಯ ಪ್ರೇಮದ ಮಾತು ಇದೆಯೇ, ಹೇಳು.

ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹತ್ತು ವರ್ಷಗಳ ಮುನ್ನೋಟ. ಗಿರಣಿಗಳು ಮುಚ್ಚಿದವು, ನಲವತ್ತು ದಾಟಿದವರು ಮತ್ತೆ ಓದಲು ಬರುತ್ತಿದ್ದಾರೆ, ಹದಿನೆಂಟರವರು ತರಗತಿಯ ಕಡೆ ತಲೆ ಹಾಕುತ್ತಿಲ್ಲ, ಎಲ್ಲರ ಕೈಯಲ್ಲೂ ಫೋನು. ಊರೇ ಮಗ್ಗುಲು ಬದಲಿಸುತ್ತಿರುವಾಗ ವಿಶ್ವವಿದ್ಯಾಲಯ ಯಾವ ಕಡೆ ಮುಖ ಮಾಡಿ ಮಲಗಬೇಕು ಎಂಬುದು ಪ್ರಶ್ನೆ. ಆ ಮುನ್ನೋಟವನ್ನು ಬರೆಯುತ್ತಿರುವುದು ನಮ್ಮವರೇ. ಅವರ ಆಫೀಸು ತೋರಿಸಿದರು. ಗೋಡೆಯ ತುಂಬ ನಕ್ಷೆ. ನಿನ್ನದರ ಹಾಗೆ ಪಾಠವನ್ನು ಅಂಚೆಯಲ್ಲಿ ಕಳಿಸಿ, ಉತ್ತರ ತಿದ್ದಿ ವಾಪಸು ಕಳಿಸುವ ಇಪ್ಪತ್ಮೂರು ಕೇಂದ್ರಗಳಿಗೂ ಬಣ್ಣಬಣ್ಣದ ಗುಂಡುಪಿನ್ನು ಚುಚ್ಚಿದ್ದಾರೆ. ನಿನ್ನ ಊರನ್ನು ಹುಡುಕಿ ಬೆರಳಿಟ್ಟೆ. ಕೆಂಪು. ಕೆಂಪೆಂದರೆ ಏನು ಎಂದು ಕೇಳಿದರೆ, ಅದು ಆಫೀಸಿನ ವಿಷಯ ಎಂದು ಫ್ಯಾನು ಆರಿಸಿ ಹೊರಟೇಬಿಟ್ಟರು.

ಕಿಟಕಿಗೆ ಹಳದಿ ಪರದೆ ಹಾಕಲೋ, ಹಸಿರೋ? ಬೇಗ ಬರೆ.

ನಿನ್ನ ಗುಬ್ಬಿ

ಜೂನ್ 9

ಗುಬ್ಬಿ,

ನಿನ್ನ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಇಂಗ್ಲಿಷ್ ಶಾಲೆಯ ಪ್ರತಾಪ ಹತ್ತು ಕಡೆ ಕಾಣುತ್ತದೆ. ಹತ್ತಕ್ಕೆ ನಾಲ್ಕು ಅಂಕ. ಉಳಿದ ಆರನ್ನು ಅಕ್ಷರದ ತಪ್ಪಿಗೆ ಕಳೆದಿಲ್ಲ. ಮುಖ್ಯವಾದದ್ದನ್ನು ಡಬ್ಬಿ ಮತ್ತು ಪರದೆಯ ನಡುವೆ ತುರುಕಿದ್ದಕ್ಕೆ ಕಳೆದಿದ್ದೇನೆ.

ಕೆಂಪು ಪಿನ್ನು ಎಷ್ಟಿದ್ದವು? ಬೇರೆ ಬಣ್ಣ ಯಾವುವು? ನೀನು ಕೇಳಿದಾಗ ನಿನ್ನ ಗಂಡನ ಮುಖ ಹೇಗಿತ್ತು?

ಮೊನ್ನೆ ನಮಗೊಂದು ಸುತ್ತೋಲೆ ಬಂತು. ಕಳೆದ ಮೂರು ವರ್ಷಗಳಲ್ಲಿ ದಾಖಲಾದವರ ಹೆಸರುಪಟ್ಟಿಯನ್ನು, ತಲೆಗೊಂದು ಉತ್ತರಪತ್ರಿಕೆಯ ಮಾದರಿ ಸಮೇತ, ಜುಲೈ ಕೊನೆಯೊಳಗೆ ಕಳಿಸಬೇಕಂತೆ. ಯಾಕೆ ಎಂದು ಬರೆದಿಲ್ಲ. ಕಾರಣ ಹೇಳದೆ ತಲೆ ಎಣಿಸುವವರು ತಲೆ ತೆಗೆಯಲಿಕ್ಕೇ ಎಣಿಸುತ್ತಾರೆ. ನನ್ನಲ್ಲಿರುವುದು ನಲವತ್ತಾರು ಜನ. ಔಷಧದಂಗಡಿಯ ಮೇಲಿನ ಈ ಎರಡು ಕೋಣೆ, ನಾನು, ಕಿವಿ ಕೇಳದ ಅಟೆಂಡರು. ಇಷ್ಟನ್ನು ಮುಚ್ಚಲು ಒಂದು ಸಹಿ ಸಾಕು. ಆಮೇಲೆ ಬಸ್ ಕಂಡಕ್ಟರು, ಆಸ್ಪತ್ರೆಯ ಆಯಾ, ಗಿರಣಿಯ ಬಾಯ್ಲರಿನವನು, ಇವರೆಲ್ಲ ಎಲ್ಲಿ ಓದಬೇಕು?

ಫೋನ್ ಮಾಡಬೇಡ. ಕಿವಿ ಕೇಳದವನ ಜೊತೆ ಕಿರುಚಿ ಕಿರುಚಿ ನನಗೂ ಅದೇ ಅಭ್ಯಾಸವಾಗಿದೆ, ಕೆಳಗಿನ ಅಂಗಡಿಯವನು ಬಿಟ್ಟಿ ಕೇಳುತ್ತಾನೆ.

ಪರದೆ ಹಸಿರು.

ಚಿಕ್ಕಮ್ಮ

ಜೂನ್ 17

ಚಿಕ್ಕಮ್ಮಾ,

ನಾನು ಗೂಢಚಾರಿಣಿಯಾಗಿದ್ದೇನೆ. ಊಟದ ಡಬ್ಬಿ ಹಿಡಿದುಕೊಂಡು ಆಫೀಸಿಗೆ ಹೋದೆ. ಇವರು ಕೈ ತೊಳೆಯಲು ಹೋದಾಗ ಎಣಿಸಿದೆ: ನೀಲಿ ಒಂಬತ್ತು, ಬಿಳಿ ಒಂಬತ್ತು, ಕೆಂಪು ಐದೇ ಐದು. ಗಂಡನ ಆಫೀಸಿನಲ್ಲಿ ಕಳ್ಳಿಯ ಹಾಗೆ ನಿಲ್ಲುವುದರಲ್ಲಿ ಒಂದು ಮಜಾ ಇದೆ, ಅದನ್ನು ನಿನ್ನ ಬಳಿ ಮುಚ್ಚಿಡುವುದೇಕೆ.

ಮಜಾ ಅಲ್ಲಿಗೇ ಮುಗಿಯಿತು. ನಾನು ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದಾಗ ಇವರು ಟೈಪಿಸ್ಟಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು: “ಕೆಂಪಿನ ವಿಷಯ ಈ ಕೋಣೆಯಿಂದ ಹೊರಗೆ ಹೋಗಬಾರದು. ಒಂದು ಕೇಂದ್ರಕ್ಕೆ ಗೊತ್ತಾದರೂ ಎಲ್ಲ ಕೆಟ್ಟು ಕೂರುತ್ತೆ.” ಕೆಂಪು ಎಂದರೆ ಮುಚ್ಚುವುದು ಎಂದಲ್ಲದೆ ಇನ್ನೇನು? ಒಳ್ಳೆಯ ಸುದ್ದಿಯನ್ನು ಯಾರಾದರೂ ಇಷ್ಟು ಕಾಪಾಡುತ್ತಾರೆಯೇ?

ಮನೆಗೆ ಬಂದಮೇಲೆ ಇವರ ನಗು, ಇವರು ಹಾಕಿಕೊಟ್ಟ ಕಾಫಿ, ಎಲ್ಲ ಬೇರೆಯೇ ಥರ ಕಂಡಿತು. ನನ್ನನ್ನು ಸಾಕಿದ ಚಿಕ್ಕಮ್ಮನ ಕೆಲಸಕ್ಕೆ ಗುರುತು ಹಾಕಿಟ್ಟು, ನನ್ನ ಮುಂದೆಯೇ ಸಕ್ಕರೆ ಎಷ್ಟು ಎಂದು ಕೇಳುವುದು ಹೇಗೆ ಸಾಧ್ಯ?

ಇನ್ನೊಂದು. ನಿನ್ನ ಲಕೋಟೆಯನ್ನು ಕೈಯಲ್ಲಿ ಹಿಡಿದು, “ನಿಮ್ಮ ಚಿಕ್ಕಮ್ಮನ ವಿಳಾಸ ಯಾಕೆ ಮೆಟ್ಟಿಲು ಹತ್ತುತ್ತೆ?” ಎಂದು ಕೇಳಿದರು. ಅಂಚಿನಲ್ಲಿ ಜಾಗ ಸಾಲದಿದ್ದರೆ ನಿನ್ನ ಅಕ್ಷರಗಳು ಕೆಳಗಿನ ಸಾಲಿಗೆ ಇಳಿಯುವುದಿಲ್ಲ, ಒಂದರ ಮೇಲೊಂದು ಮೇಲಕ್ಕೇ ಹತ್ತುತ್ತವೆ, ಚಿಕ್ಕಂದಿನಿಂದಲೂ ನಾನು ನಗುತ್ತಿದ್ದೆ ಎಂದೆ. ಅವರು ನಗಲಿಲ್ಲ. ನೀನು ಅವರಿಗೆ ಏನೇನು ಬರೆಯುತ್ತೀ ಎಂದು ಕೇಳಿದರು. ಪರದೆ ವಿಷಯ ಎಂದೆ. ಮದುವೆಯಾದಮೇಲೆ ನಾನು ಹೇಳಿದ ಮೊದಲ ಸುಳ್ಳು.

ಗುಬ್ಬಿ

ಜೂನ್ 24

ಗುಬ್ಬಿ,

ಸಾಕು. ಇನ್ನು ಎಣಿಸಬೇಡ, ಬಾಗಿಲಲ್ಲಿ ನಿಲ್ಲಬೇಡ, ಅವನನ್ನು ಏನೂ ಕೇಳಬೇಡ. ಹೊಸ ಸಂಸಾರ. ಇಲ್ಲಿಯದು ನಾನು ನೋಡಿಕೊಳ್ಳುತ್ತೇನೆ.

ಪಟ್ಟಿಯಲ್ಲಿ ಸೇರದೆ ಉಳಿದವರು ತುಂಬ ಜನ ಇದ್ದಾರೆ ಎಂಬುದು ಹಳೆಯ ರಿಜಿಸ್ಟರು ತೆಗೆದಾಗ ಗೊತ್ತಾಯಿತು. ಅವರನ್ನೆಲ್ಲ ಸೇರಿಸುತ್ತಿದ್ದೇನೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ. ಬಸ್ ಕಂಡಕ್ಟರು ಟಿಕೆಟಿನ ಹಿಂಭಾಗದಲ್ಲಿ ಪ್ರಬಂಧ ಬರೆದು ಕಳಿಸಿದ್ದಾನೆ, ಇಪ್ಪತ್ತೊಂದು ಟಿಕೆಟ್ಟು, ಕ್ರಮಸಂಖ್ಯೆ ಸಮೇತ. ಒಳ್ಳೆಯ ಪ್ರಬಂಧ.

ನಿನ್ನಲ್ಲಿ ಪೆನ್ನುಗಳಿದ್ದರೆ ಕಳಿಸು. ಒಂದೇ ಥರದವು ಬೇಡ. ದಪ್ಪ, ಸಣ್ಣ, ಕಪ್ಪು, ನೀಲಿ, ಸಿಕ್ಕಿದ್ದೆಲ್ಲ. ಇಲ್ಲಿಯವು ಬೇಗ ಒಣಗುತ್ತವೆ.

ಚಿಕ್ಕಮ್ಮ

ಆಗಸ್ಟ್ 12

ಚಿಕ್ಕಮ್ಮಾ,

ಗೆದ್ದುಬಿಟ್ಟೆವು! ಏಳು ವಾರ ನೀನು ಬರೆಯಲಿಲ್ಲ, ಆದರೂ ಮೊದಲು ಸುದ್ದಿ, ಆಮೇಲೆ ಜಗಳ. ನಾನು ಕಳಿಸಿದ ಹನ್ನೊಂದು ಪೆನ್ನು ತಲುಪಿದ್ದರ ಬಗ್ಗೆಯೂ ಒಂದು ಸಾಲಿಲ್ಲ.

ಹೋದ ವಾರ ಇವರು ಊಟದ ನಡುವೆ, “ನಿಮ್ಮ ಚಿಕ್ಕಮ್ಮನ ಪಟ್ಟಿ ಬಂತು, ನೂರಾಮೂವತ್ತು” ಅಂದರು. ನಾನು ತಟ್ಟೆಯ ಮುಂದೆಯೇ ಕುಣಿದೆ. ನಲವತ್ತಾರು ನೂರಾಮೂವತ್ತಾಗಿದೆ ಎಂದರೆ ಇನ್ನು ಯಾರು ಮುಚ್ಚುತ್ತಾರೆ ಎಂದುಬಿಟ್ಟೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಲವತ್ತಾರು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಸುಮ್ಮನೆ ಎದ್ದು ಕೈ ತೊಳೆದರು.

ಇವತ್ತು ಮತ್ತೆ ಊಟದ ಡಬ್ಬಿಯ ನೆಪ. ನಿನ್ನ ಊರಿನ ಮೇಲಿದ್ದ ಕೆಂಪು ಪಿನ್ನು ಹೋಗಿದೆ. ಈಗ ಬಿಳಿ. ತೂತು ಕೂಡ ಅದೇ.

ಸಂತೋಷದಲ್ಲಿ ಒಂದು ಮುಳ್ಳು ಇದೆ. ನಿನ್ನ ಪತ್ರಗಳನ್ನು ನಾನು ಸೀರೆಗಳ ಅಡಿಯಲ್ಲಿ ಇಡುತ್ತೇನೆ. ಸೋಮವಾರ ನೋಡಿದರೆ ನಿನ್ನ ಜೂನ್ ಒಂಬತ್ತರ ಪತ್ರ ಕಾಣಲಿಲ್ಲ. ಬುಧವಾರ ಇತ್ತು, ಆದರೆ ಹಸಿರು ಸೀರೆಯ ಕೆಳಗಿದ್ದದ್ದು ನೀಲಿಯದರ ಕೆಳಗೆ. ಈ ಮನೆಯಲ್ಲಿ ಇರುವವರು ಇಬ್ಬರು. ನಾನು ತೆಗೆದಿಲ್ಲ. ಇವರು ಈಗ ಮಾತಾಡುವುದು ಕಡಿಮೆ. ನಾನು ಕೋಣೆಗೆ ಬಂದರೆ ಕಡತ ಮುಚ್ಚುತ್ತಾರೆ, ನಾನೂ ಇವರು ಬಂದರೆ ಪತ್ರ ಮುಚ್ಚುತ್ತೇನೆ. ಎರಡು ತಿಂಗಳ ಹಿಂದೆ ಅಳತೆಗೆ ಸಿಗುವುದಿಲ್ಲ ಎಂದವರು ಈಗ ನನ್ನನ್ನು ಅಳೆಯುತ್ತಿರುವಂತೆ ಕಾಣುತ್ತದೆ.

ಗುಬ್ಬಿ

ಆಗಸ್ಟ್ 19

ಗುಬ್ಬಿ,

ಬಿಳಿ ಒಳ್ಳೆಯದು ಎಂದು ನಿನಗೆ ಯಾರು ಹೇಳಿದರು?

ಕೆಂಪು ಕೆಟ್ಟದ್ದು ಎಂದೂ ಯಾರೂ ಹೇಳಿರಲಿಲ್ಲ, ಯೋಚಿಸಿದರೆ. ನೀನು ಬಾಗಿಲಲ್ಲಿ ಕೇಳಿದೆ, ನಾನು ಇಲ್ಲಿ ಕೂತು ಅರ್ಥ ಕಟ್ಟಿದೆ. ಮೂವತ್ತು ವರ್ಷ ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಊರಿಗೆಲ್ಲ ಹೇಳಿದವಳು ನಾನು.

ಇರಲಿ. ನನ್ನ ಪತ್ರಗಳನ್ನು ಸುಟ್ಟುಹಾಕು. ಪೆನ್ನು ಕೇಳಿದ್ದನ್ನು ಮೊದಲು.

ಚಿಕ್ಕಮ್ಮ

ಸೆಪ್ಟೆಂಬರ್ 2

ಚಿಕ್ಕಮ್ಮಾ,

ಈ ಪತ್ರವನ್ನು ತಿದ್ದಿ ವಾಪಸು ಕಳಿಸಬೇಡ.

ನಿನ್ನೆ ಬೆಳಗ್ಗೆ ಇವರು ಆಫೀಸಿಗೆ ಹೋದಮೇಲೆ ನೋಡಿದರೆ ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ಒಂದು ಕಟ್ಟು. ಕೀಲಿಕೈ ಮರೆಯದವರು, ಕೊಡೆ ಮರೆಯದವರು, ಕಟ್ಟು ಮರೆತು ಹೋಗಿದ್ದರು. ದಾರ ಬಿಚ್ಚಿತ್ತು. ಮೇಲೆ ನಿನ್ನ ಕೇಂದ್ರದ ಮೊಹರು.

ಅಂಚೆಯಲ್ಲಿ ಪಾಠ ಹೇಳುವವರು ವಿದ್ಯಾರ್ಥಿಯ ಮುಖ ನೋಡುವುದಿಲ್ಲ, ಕೈಬರಹವೇ ಮುಖ ಎಂದು ನೀನು ಹೇಳುತ್ತಿದ್ದೆ. ರಜೆಯಲ್ಲಿ ನಿನ್ನ ಪಕ್ಕ ಕೂತು ನಾನೂ ಕಲಿತಿದ್ದೆ: ಇದು ಎಡಗೈಯವನದು, ಇದು ಬಸ್ಸಿನಲ್ಲಿ ಕೂತು ಬರೆದದ್ದು, ಇದು ಅತ್ತು ಬರೆದದ್ದು. ನಿನ್ನೆ ನಾನು ಬಟ್ಟೆ ನೆನೆಹಾಕುವುದನ್ನು ಬಿಟ್ಟು ಅದನ್ನೇ ಆಡಿದೆ. ಕಂಡಕ್ಟರ ಮುಖ ಸಿಕ್ಕಿತು, ಆಯಾಳದು ಸಿಕ್ಕಿತು. ಆಮೇಲೆ ದಪ್ಪ ಪೆನ್ನು, ಸಣ್ಣ ಪೆನ್ನು, ಓರೆ ಅಕ್ಷರ, ನೆಟ್ಟಗಿನ ಅಕ್ಷರ, ಬೇರೆಬೇರೆ ಹೆಸರು. ಅಂಚಿಗೆ ಬಂದಾಗ ಮಾತ್ರ ಎಲ್ಲರೂ ಮೆಟ್ಟಿಲು ಹತ್ತುತ್ತಿದ್ದರು. ಎಣಿಸಿದೆ. ಎಂಬತ್ತನಾಲ್ಕು. ನಾನು ಕಳಿಸಿದ ಹನ್ನೊಂದು ಪೆನ್ನೂ ಅಲ್ಲಿದ್ದವು.

ಇವರು ಮಧ್ಯಾಹ್ನ ಊಟಕ್ಕೆ ಬಂದರು. ಕಟ್ಟು ಮೇಜಿನ ಮೇಲೆ, ಊಟ ಬಡಿಸಿಲ್ಲ. ನಾನೇ ಮೊದಲು ಬಾಯಿ ಬಿಟ್ಟೆ. ನನ್ನ ಪತ್ರ ಓದಿದ್ದೀರಾ ಎಂದೆ.

“ಓದಿಲ್ಲ. ವಿಳಾಸ ನೋಡಿದೆ. ಒಂದು ಲಕೋಟೆ ಆಫೀಸಿಗೆ ಒಯ್ದು ಈ ಹಾಳೆಗಳ ಪಕ್ಕ ಇಟ್ಟು ನೋಡಿದೆ. ಅಷ್ಟೇ.”

“ಅಷ್ಟೇನಾ? ನನ್ನ ಸೀರೆ ಅಡಿಯಿಂದ ತೆಗೆದು?”

“ನಿನ್ನನ್ನು ಕೇಳಿದ್ದರೆ ಪರದೆ ವಿಷಯ ಅಂತಿದ್ದೆ.”

ಆಮೇಲೆ ಕೆಂಪು ಪಿನ್ನಿನ ಅರ್ಥ ಹೇಳಿದರು. ಕೇಳು, ಚಿಕ್ಕಮ್ಮ, ಕೂತುಕೊಂಡು ಕೇಳು. ನೀಲಿ ಎಂದರೆ ಪಾಠವೆಲ್ಲ ಇನ್ನು ಫೋನಿನ ಪರದೆಯ ಮೇಲೆ. ಬಿಳಿ ಎಂದರೆ ಪಕ್ಕದ ಕೇಂದ್ರದೊಳಗೆ ಸೇರಿಸಿ ಬೀಗ ಹಾಕುವುದು. ಕೆಂಪು ಎಂದರೆ ಸೇರಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಓದಿ ಮುಗಿಸಿದ ಕೇಂದ್ರ. ನಿನ್ನ ನಲವತ್ತಾರರಲ್ಲಿ ನಲವತ್ತೊಂದು ಜನ ಪರೀಕ್ಷೆ ಪಾಸಾಗಿದ್ದಾರೆ. ಕೆಲಸ ಕಳೆದುಕೊಂಡವರು, ಸಂಸಾರ ಇರುವವರು ಅಷ್ಟು ಜನ ಮುಗಿಸಿದ್ದು ಹೇಗೆ ಎಂಬುದನ್ನು ಕಲಿತು, ಆ ಐದು ಕೇಂದ್ರಗಳ ಮೇಲೆಯೇ ಹತ್ತು ವರ್ಷಗಳ ಯೋಜನೆ ಕಟ್ಟಬೇಕೆಂದು ಇವರು ಬರೆದಿದ್ದರು. ಸುತ್ತೋಲೆ ಬಂದದ್ದು ಖಚಿತಪಡಿಸಿಕೊಳ್ಳಲು. ಗುಟ್ಟು ಯಾಕೆ ಎಂದರೆ, ಅಳತೆ ಯಾವುದೆಂದು ತಿಳಿದರೆ ಕೇಂದ್ರಗಳು ಕಷ್ಟಪಡುವವರ ಹೆಸರನ್ನು ಹೊಡೆದುಹಾಕಿ ತಾವು ಚೆನ್ನಾಗಿ ಕಾಣಲು ನೋಡುತ್ತವೆ. ಹೆಸರು ಕಳೆಯುವವರಿಗೆ ಇವರು ಹೆದರಿದ್ದರು. ಸೇರಿಸುವವರು ಇರುತ್ತಾರೆ ಎಂದು ಊಹಿಸಿರಲಿಲ್ಲ.

ಪರೀಕ್ಷೆ ನಡೆಸುವುದು ಮುಖ್ಯ ಕಚೇರಿ, ಅಲ್ಲಿ ಹೆಸರು ಸೇರಿಸಲು ನಿನಗಾಗಲಿಲ್ಲ. ಹಾಗಾಗಿ ನೂರಾಮೂವತ್ತರಲ್ಲಿ ನಲವತ್ತೊಂದು. ಇಪ್ಪತ್ಮೂರರಲ್ಲೇ ಕೊನೆಯ ಸ್ಥಾನ. ಬಿಳಿ.

ಮುನ್ನೋಟಕ್ಕೆ ಒಪ್ಪಿಗೆ ಕೊಡುವ ಸಮಿತಿ ಈ ಹದಿನೈದಕ್ಕೆ ಸೇರುತ್ತದೆ. ನೀನು ಬರೆಯುತ್ತೀಯೋ, ನಾನು ಹೇಳಲೋ? ಕೆಂಪಿನ ಸುದ್ದಿ ಹೊತ್ತು ತಂದವಳು ನಾನು. ನಿನ್ನ ತಪ್ಪಿಗೆ ಪೆನ್ನು ಕೊಟ್ಟವಳೂ ನಾನೇ. ಆದರೆ ಕಂಡಕ್ಟರ ಇಪ್ಪತ್ತೊಂದು ಟಿಕೆಟ್ಟು ಎಂಬತ್ತನಾಲ್ಕು ಸುಳ್ಳಿನ ಅಡಿಯಲ್ಲಿ ಬಿದ್ದಿವೆ, ಅವನ್ನು ಮೇಲೆ ತೆಗೆಯುವುದು ನಿನ್ನಿಂದ ಮಾತ್ರ ಸಾಧ್ಯ.

ಗುಬ್ಬಿ

ಸೆಪ್ಟೆಂಬರ್ 8

ಗುಬ್ಬಿ,

ಸಮಿತಿಗೆ ಬರೆದೆ. ರಿಜಿಸ್ಟರ್ಡ್ ಅಂಚೆ, ಒಂದೂವರೆ ಪುಟ. ಎಂಬತ್ತನಾಲ್ಕು ಹೆಸರನ್ನೂ ಪಟ್ಟಿ ಮಾಡಿ, ಇವು ನಾನು ಬರೆದ ಉತ್ತರಗಳು, ಉಳಿದ ನಲವತ್ತಾರನ್ನು ಮಾತ್ರ ನೋಡಿ ತೀರ್ಮಾನಿಸಿ ಎಂದು ಕೇಳಿಕೊಂಡಿದ್ದೇನೆ. ಜೊತೆಗೆ ರಾಜೀನಾಮೆ.

ಹೆಸರುಗಳನ್ನು ನಾನು ಹುಟ್ಟಿಸಲಿಲ್ಲ. ನನ್ನ ಮೂವತ್ತು ವರ್ಷಗಳಲ್ಲಿ ಸೇರಿ, ಎರಡು ಮೂರು ಪಾಠ ಕಳಿಸಿ, ನಿಂತುಹೋದವರು. ಗಂಡ ಬೇಡ ಎಂದವಳು, ಪಾಳಿ ಬದಲಾದವನು, ಕಣ್ಣು ಹೋದವನು. ಅವರು ಮುಂದುವರಿದಿದ್ದರೆ ಏನು ಬರೆಯುತ್ತಿದ್ದರೋ ಅದನ್ನೇ ಬರೆದೆ. ಏಳು ಜನರಿಗೆ ಕಡಿಮೆ ಅಂಕ ಕೊಟ್ಟೆ, ನಂಬಿಕೆ ಬರಲಿ ಎಂದು. ಈ ಕೆಲಸ ಮಾಡುವಾಗ ನಾನು ಸಂತೋಷವಾಗಿದ್ದೆ ಎಂಬುದನ್ನು ಸಮಿತಿಗೆ ಬರೆದಿಲ್ಲ, ನಿನಗೆ ಮಾತ್ರ.

ನೀನು ಸುದ್ದಿ ಹೊತ್ತು ತಂದೆ ನಿಜ. ಅದನ್ನು ಕೇಳಿ ನನ್ನ ನಲವತ್ತಾರು ಜನರ ಮೇಲೆ ನಂಬಿಕೆ ಕಳೆದುಕೊಂಡವಳು ನಾನು. ಅವರು ಸಾಲುವುದಿಲ್ಲ ಎಂದುಕೊಂಡೆ.

ಈಗ ಒಂದು ಮಾತು. ನಿನ್ನ ಗಂಡ ಡಬ್ಬಿಗೆ ಚೀಟಿ ಅಂಟಿಸುವವನು. ಸಮಿತಿ ಸೇರುವುದಕ್ಕೆ ಎರಡು ವಾರ ಮೊದಲು, ಬಿಚ್ಚಿದ ದಾರದ ಕಟ್ಟನ್ನು ಹೆಂಡತಿ ಊಟ ಮಾಡುವ ಮೇಜಿನ ಮೇಲೆ ಬಿಟ್ಟುಹೋಗುತ್ತಾನೆ. ಮರೆತನೋ? ಬಿಟ್ಟನೋ? ಬಿಟ್ಟಿದ್ದರೆ, ತಾನು ಹೇಳಲಾರದ್ದನ್ನು ನಿನ್ನಿಂದ ಹೇಳಿಸಿದ. ಅದು ಕರುಣೆಯೂ ಇರಬಹುದು, ಲೆಕ್ಕಾಚಾರವೂ ಇರಬಹುದು. ಯಾವುದು ಎಂದು ತಿಳಿಯದೆ ಅವನ ಜೊತೆ ನಲವತ್ತು ವರ್ಷ ಇರಬೇಡ.

ಇದು ನೀಲಿ ಶಾಯಿ. ಕೆಂಪು ಪೆನ್ನನ್ನು ಬೀಗದ ಕೈ ಜೊತೆ ಅಟೆಂಡರಿಗೆ ಒಪ್ಪಿಸಿ ಬಂದೆ.

ಚಿಕ್ಕಮ್ಮ

ಸೆಪ್ಟೆಂಬರ್ 21

ಚಿಕ್ಕಮ್ಮಾ,

ಸಮಿತಿಯ ಸುದ್ದಿ ನಿನಗೆ ಅಧಿಕೃತವಾಗಿ ಬರುತ್ತದೆ, ಆದರೂ ಮೊದಲು ನನ್ನಿಂದ ತಿಳಿಯಲಿ. ನಲವತ್ತಾರು ಹಾಳೆಗಳನ್ನು ಬೇರೆ ತೆಗೆದು ಓದಿದರಂತೆ. ಟಿಕೆಟ್ಟಿನ ಪ್ರಬಂಧ ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತಂತೆ. ಕೇಂದ್ರ ಉಳಿಯಿತು. ಹೊಸ ಶಿಕ್ಷಕರು ಬರುತ್ತಾರೆ. ನಿನ್ನ ರಾಜೀನಾಮೆಯನ್ನು ಒಪ್ಪಿಕೊಂಡರು, ಇನ್ನು ಯಾವ ವಿಚಾರಣೆಯೂ ಇಲ್ಲ. ನೀನು ಅಂಚಿನಲ್ಲಿ ಬರೆಯುತ್ತಿದ್ದ ತಿದ್ದುಪಡಿಗಳನ್ನು ನಕಲು ಮಾಡಿ ಎಲ್ಲ ಕೇಂದ್ರಗಳಿಗೂ ಮಾದರಿಯಾಗಿ ಕಳಿಸುತ್ತಾರೆ, ಹೆಸರು ಹಾಕದೆ.

ಇನ್ನೊಂದು ಸುದ್ದಿಯನ್ನು ಇವರು ನನಗೆ ಹೇಳಲಿಲ್ಲ. ಟೈಪಿಸ್ಟು ಹೇಳಿದಳು. ಸಭೆ ಶುರುವಾಗುವ ಮೊದಲೇ ಇವರು ಎದ್ದು ನಿಂತು, ಆ ಶಿಕ್ಷಕಿ ತನ್ನ ಹೆಂಡತಿಯ ಚಿಕ್ಕಮ್ಮ, ಕೆಂಪಿನ ಗುಟ್ಟು ಹೊರಗೆ ಹೋದದ್ದು ತನ್ನಿಂದ ಎಂದರಂತೆ. ನನ್ನ ಹೆಸರು ಎತ್ತಲಿಲ್ಲ. ಮುನ್ನೋಟವನ್ನು ಇನ್ನು ಬೇರೆಯವರು ಬರೆಯುತ್ತಾರೆ. ಇವರಿಗೆ ಕೊಟ್ಟಿರುವ ಕೆಲಸ ತರಗತಿಗಳ ಬೆಂಚು ಅಳೆಯುವುದು. ನಿನ್ನೆ ಟೇಪು ಹಿಡಿದು ಮನೆಗೆ ಬಂದರು. ಅದೇನು ಎಂದರೆ, ಬೆಂಚಿನದು ಎಂದು ಗೂಟಕ್ಕೆ ತಗುಲಿಹಾಕಿದರು. ಎರಡು ಸಲ ನನ್ನ ಕಡೆ ನೋಡಿದರು.

ಕಟ್ಟನ್ನು ಮರೆತರೋ ಬಿಟ್ಟರೋ ಎಂದು ಇವರನ್ನು ಕೇಳು ಎಂಬಂತೆ ನೀನು ಬರೆದಿದ್ದೆ. ನಾಲ್ಕು ಸಲ ಬಾಯಿ ತೆರೆದೆ, ಆಗಲಿಲ್ಲ. ಮರೆತೆ ಎಂದರೆ ನಂಬುವುದಿಲ್ಲ. ಬಿಟ್ಟೆ ಎಂದರೆ, ಇನ್ನು ಮೇಜಿನ ಮೇಲೆ ಏನು ಕಂಡರೂ ಇದನ್ನು ಯಾಕೆ ಇಟ್ಟರು ಎಂದು ಯೋಚಿಸುತ್ತೇನೆ. ಲೋಟ ಕಂಡರೂ.

ಅದಕ್ಕೇ ಒಂದು ಕೆಲಸ ಮಾಡುತ್ತಿದ್ದೇನೆ. ಈ ಪತ್ರವನ್ನೂ, ಮೊನ್ನೆಯ ನಿನ್ನ ಪತ್ರವನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಅಂಟಿಸದೆ, ಅದೇ ಮೇಜಿನ ಮೇಲೆ ಅದೇ ಜಾಗದಲ್ಲಿ ಇಟ್ಟು ಸ್ನಾನಕ್ಕೆ ಹೋಗುತ್ತೇನೆ. ಮರೆತಲ್ಲ. ಆಮೇಲೆ ತೆರೆದು ನೋಡದೆ ಅಂಚೆಗೆ ಹಾಕುತ್ತೇನೆ. ನೀನು ಕೈಬರಹ ಓದುವವಳು, ಕೆಳಗೆ ಏನಾದರೂ ಇದ್ದರೆ ನೀನೇ ಓದಿ ನನಗೆ ಬರೆ. ಏನೂ ಇಲ್ಲದಿದ್ದರೆ ಅದನ್ನೂ ಬರೆ.

ನಿನ್ನ ಗುಬ್ಬಿ

ಚಿಕ್ಕಮ್ಮ ಅವರಿಗೆ, ಕಟ್ಟನ್ನು ನಾನು ಮರೆತಿರಲಿಲ್ಲ. ದಾರ ಬಿಚ್ಚಿ ಇಟ್ಟು ಬಾಗಿಲವರೆಗೆ ಹೋಗಿ, ಮತ್ತೆ ಕಟ್ಟಲೆಂದು ಎರಡು ಸಲ ತಿರುಗಿ ಬಂದೆ. ಇದನ್ನು ಅವಳಿಗೆ ನೀವು ಬರೆಯಬೇಡಿ. ಅವಳು ಸ್ನಾನ ಮುಗಿಸಿ ಬರಲಿ, ನಾನೇ ಹೇಳುತ್ತೇನೆ.